ಗಿರಿಜಾ ಮೇಡಂ ಹಾಕಿದ ಬೀಗ

ಗಿರಿಜಾ ಮೇಡಂ, ಆ ವಿಜಯದಶಮಿಯ ಬೆಳಿಗ್ಗೆ ಲ್ಯಾಬಿನ ಕೆಲಸ ನಿಂತುಹೋದದ್ದು ನಿಮ್ಮಿಂದಲ್ಲ, ನನ್ನಿಂದ. ನೀವು ಊರಲ್ಲಿ ಇಲ್ಲದಾಗ ನಿಮ್ಮ ಹೆಸರನ್ನು ಮುಂದೆ ತಳ್ಳಿ ನಾನು ಹಿಂದೆ ನಿಂತೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ನನ್ನ ಬುದ್ಧಿ ನಿಮಗೆ ಗೊತ್ತಲ್ಲ, ಮಾತಿಗೆ ಕೂತರೆ ಸುತ್ತಿ ಬಳಸಿ ಎಲ್ಲೆಲ್ಲೋ ಹೋಗಿ, ಕೊನೆಗೆ ತಪ್ಪೇ ಕಾಣದ ಹಾಗೆ ಮಾಡಿಬಿಡುತ್ತೇನೆ.

ಇದು ನಿಮಗೆ ಹೊಸ ಸುದ್ದಿಯಲ್ಲ. ಅದೂ ನನಗೆ ಗೊತ್ತು. ಆದರೂ ನನ್ನ ಬಾಯಿಂದ ಬರಬೇಕಾದ ಮಾತು ಅದು, ಇಷ್ಟು ವರ್ಷ ಬರಲಿಲ್ಲ. ನಿಮಗೆ ಗೊತ್ತಿರುವ ಎಷ್ಟೋ ಸಂಗತಿಗಳನ್ನು ಇಲ್ಲಿ ಮತ್ತೆ ಹೇಳುತ್ತಿದ್ದೇನೆ. ನಿಮ್ಮ ಜೊತೆಗೆ ಬೇರೆಯವರೂ ಇದನ್ನು ಓದಲಿ ಎಂಬುದೇ ಅದಕ್ಕೆ ಕಾರಣ.

ರಾಜಾಜಿನಗರದ ಆ ರಕ್ತಪರೀಕ್ಷೆಯ ಲ್ಯಾಬಿಗೆ ನಾನು ಸೇರಿದಾಗ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಒಂದು ವರ್ಷವೂ ಆಗಿರಲಿಲ್ಲ. ವಿಜಯನಗರದ ಹುಡುಗಿ, ಕಂಡಕ್ಟರ್ ಮಗಳು, ಬಾಯಿ ಜೋರು. ಮಾಗಡಿ ರಸ್ತೆಯಲ್ಲಿ ಮೆಟ್ರೋ ಮಾತಿನ್ನೂ ಬರೀ ಮಾತಾಗಿತ್ತು. ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಮಾಲೀಕರಾದ ಡಾಕ್ಟರ್ ಸಾರ್ ಬರುವ ಹೊತ್ತಿಗೆ ಸರಿಯಾಗಿ ಒಳಗೆ ನುಸುಳುತ್ತಿದ್ದೆ. ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್, ವಿಜಯನಗರ — ಮೂರು ಕಡೆ ರಕ್ತ ತೆಗೆಯುವ ಸೆಂಟರುಗಳು. ಪರೀಕ್ಷೆ ನಡೆಯುವುದು ನಮ್ಮಲ್ಲಿ. ಸ್ಯಾಂಪಲ್ ಇಡುವ ಫ್ರಿಡ್ಜಿನ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಲಿನಕ್ಸ್ ಸರ್ವರ್. ರಿಪೋರ್ಟ್ ತಯಾರಾಗಿ ಎಲ್ಲ ಸೆಂಟರುಗಳಿಗೂ ಹೋಗುವುದು ಅದರಿಂದ. ಆ ಸರ್ವರ್ ನೀವು ಕಟ್ಟಿದ್ದು. ನಾನು ನಿಮ್ಮ ಕೈಕೆಳಗೆ.

ಗದಗಿನಿಂದ ಬಂದು ನಾಗರಬಾವಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಿರಿ. ನಿಮ್ಮ ಮಾತು ಕೇಳಿ ನಾವೆಲ್ಲ ಹಿಂದಿನಿಂದ ಅಣಕಿಸುತ್ತಿದ್ದೆವು, ನಿಮ್ಮ ಶೇಂಗಾ ಹೋಳಿಗೆಯನ್ನು ಮಾತ್ರ ಮುಂದೆಯೇ ನಿಂತು ತಿನ್ನುತ್ತಿದ್ದೆವು. ಒಂದೇ ಪಾಠವನ್ನು ನಾನು ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದೆ ಮತ್ತೆ ಹೇಳಿದವರು ನೀವೊಬ್ಬರೇ. ನಮ್ಮಪ್ಪನಿಗೂ ಅಷ್ಟು ತಾಳ್ಮೆ ಇರಲಿಲ್ಲ.

ನೀವು ಮೊದಲ ವಾರವೇ ಕಲಿಸಿದ್ದು ಒಂದು ಕಟ್ಟುಪಾಡು. ಸರ್ವರಿನಲ್ಲಿ ಓಡುವ ಯಾವ ಸರ್ವೀಸೇ ಇರಲಿ, ಅದಕ್ಕೆ ತನ್ನದೇ ಒಂದು ಡೈರೆಕ್ಟರಿ, ಅಂದರೆ ಕಡತಗಳನ್ನಿಡುವ ಗೂಡು. ಬರೆಯುವುದು, ಅಳಿಸುವುದು ಎಲ್ಲ ಅಲ್ಲಿ ಮಾತ್ರ. ಯಂತ್ರದ ಮೂಲ ಡೈರೆಕ್ಟರಿಗಳನ್ನು — ಪ್ರೋಗ್ರಾಮುಗಳು ಇರುವ ಜಾಗ, ಸೆಟ್ಟಿಂಗುಗಳು ಇರುವ ಜಾಗ — ಅದು ಓದಬಹುದು, ಮುಟ್ಟುವಂತಿಲ್ಲ. ಪ್ರೋಗ್ರಾಮುಗಳ ಡೈರೆಕ್ಟರಿಯನ್ನಂತೂ ಯಾರೂ ಬರೆಯಲಾಗದ ಹಾಗೆ, ಬೀಗ ಹಾಕಿದಂತೆ ಬಿಗಿದಿಟ್ಟಿದ್ದಿರಿ. ರಿಪೋರ್ಟ್ ಮಾಡುವ ಬಡಪಾಯಿ ಪ್ರೋಗ್ರಾಮಿನ ಮೇಲೆ ಇಷ್ಟೊಂದು ಅನುಮಾನವೇಕೆ ಎಂದು ನಾನು ನಕ್ಕಿದ್ದೆ. ಅಡುಗೆಗೆ ಬಂದವರಿಗೆ ಅಡುಗೆಮನೆ ಬಿಟ್ಟುಕೊಡುತ್ತೇವೆ, ಬೀರುವಿನ ಕೀಲಿಕೈ ಕೊಡುತ್ತೇವೆಯೇ ಎಂದು ಕೇಳಿದಿರಿ. ಆಮೇಲೆ ಹೇಳಿದ ಮಾತನ್ನು ನಾನು ಇವತ್ತಿಗೂ ನಿಮ್ಮ ದನಿಯಲ್ಲೇ ಕೇಳುತ್ತೇನೆ.

"ಅನುಮಾನಾ ಅಲ್ಲ ಸುಮಾ. ಯಾರಿಗೆ ಎಷ್ಟು ಬೇಕೋ ಅಷ್ಟ ಕೊಡು. ಕೇಳಿದ್ದೆಲ್ಲಾ ಕೊಡಾಕ ಹೋಗಬ್ಯಾಡ."

ಹಾಗೆಂದವರು ನನಗೆ ಮಾತ್ರ ಎಲ್ಲವನ್ನೂ ಕೊಟ್ಟಿರಿ. ಇಡೀ ಯಂತ್ರವನ್ನು ತಲೆಕೆಳಗು ಮಾಡಬಲ್ಲ ರೂಟ್ ಪಾಸ್‌ವರ್ಡನ್ನು ನನ್ನ ಕಿವಿಯಲ್ಲಿ ಹೇಳಿದಿರಿ. ನಿಮಗೆ ಜ್ವರಗಿರ ಬಂದು ಬರಲಾಗದಿದ್ದರೆ ಲ್ಯಾಬ್ ನಿಲ್ಲಬಾರದು ಅಂತ. ನನ್ನ ಮೇಲೆ ಒಬ್ಬರಿಗೆ ಅಷ್ಟು ನಂಬಿಕೆ — ಅದರ ಭಾರ ಏನೆಂದು ಆಗ ತಿಳಿಯಲಿಲ್ಲ. ಎರಡು ದಿನ ಕಾಲರ್ ಏರಿಸಿಕೊಂಡು ಓಡಾಡಿದೆ, ಅಷ್ಟೇ.

ಗೌರಿ ಹಬ್ಬದ ಆಸುಪಾಸಿನಲ್ಲಿ ಕೆಂಗೇರಿಯಲ್ಲಿ ಹೊಸ ಸೆಂಟರ್ ತೆರೆಯುವುದೆಂದಾಯಿತು. ರಿಪೋರ್ಟಿನ ತಲೆಬರಹ ಕನ್ನಡದಲ್ಲೂ ಬರಬೇಕು ಎಂದು ಡಾಕ್ಟರ್ ಸಾರ್ ಆಸೆಪಟ್ಟರು. ಆ ಕೆಲಸವನ್ನು ನೀವು ನನಗೆ ಬಿಟ್ಟುಕೊಟ್ಟಿರಿ. ನಾನು ಒಬ್ಬಳೇ ಬರೆದ ಮೊದಲ ಪ್ರೋಗ್ರಾಂ ಅದು. ಪ್ರತಿಯೊಂದು ರಿಪೋರ್ಟಿನ ಕಚ್ಚಾ ಪ್ರತಿಯನ್ನು ಮೊದಲು ಒಂದು ಕಡೆ ಬರೆದಿಟ್ಟುಕೊಂಡು, ಅದಕ್ಕೆ ತಲೆಬರಹ ಸೇರಿಸಿ ಕಳಿಸಬೇಕು. ಬರೆದಿಡುವ ಜಾಗವಾಗಿ ನಾನು ಪ್ರೋಗ್ರಾಮಿನ ಪಕ್ಕದ ಜಾಗವನ್ನೇ ಆರಿಸಿದೆ — ನೀವು ಬಿಗಿದಿಟ್ಟ ಡೈರೆಕ್ಟರಿಯೊಳಗೆ. ಕಲಿತದ್ದು ತಲೆಗೆ ಹತ್ತಿರಲಿಲ್ಲ ಅಂತಲ್ಲ. ಹತ್ತಿತ್ತು, ಸೋಮಾರಿತನ ಅದಕ್ಕಿಂತ ಮೇಲೆ ಹತ್ತಿ ಕೂತಿತ್ತು.

ನನ್ನ ಮೇಜಿನ ಕಂಪ್ಯೂಟರಿನಲ್ಲಿ ಅದು ಚೆನ್ನಾಗಿಯೇ ಓಡಿತು, ಅಲ್ಲಿ ನನಗೆ ಯಾವ ಬಿಗಿಯೂ ಇರಲಿಲ್ಲ. ಉದ್ಘಾಟನೆಯ ಹಿಂದಿನ ದಿನ ಸರ್ವರಿಗೆ ಹಾಕಿದೆ. ಅನುಮತಿ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿತು. ನೀವು ಬಸವೇಶ್ವರನಗರದ ಸೆಂಟರಿಗೆ ಹೋಗಿದ್ದಿರಿ. ಒಂದು ಫೋನ್ ಮಾಡಿದ್ದರೆ ಬರೆಯುವ ಜಾಗ ಬದಲಿಸು ಎಂದು ಹೇಳುತ್ತಿದ್ದಿರಿ, ಒಂದೇ ಸಾಲಿನ ಕೆಲಸ. ಆದರೆ ಹಿಂದಿನ ದಿನವಷ್ಟೇ ಎಲ್ಲರ ಎದುರು ನನ್ನ ಒಂದು ಕೆಲಸವನ್ನು ಮತ್ತೆ ಮಾಡಿಸಿದ್ದಿರಿ, ಆ ಉರಿ ಇನ್ನೂ ಆರಿರಲಿಲ್ಲ — ಇವರನ್ನು ಮತ್ತೆ ಕೇಳಬೇಕೇ, ಅಂತ. ರೂಟ್ ಆಗಿ ಒಳಹೊಕ್ಕು, ಬಿಗಿಯನ್ನು ಒಂದು ಆಜ್ಞೆಯಿಂದ ಸಡಿಲಿಸಿದೆ. ಕೆಲಸ ನಡೆಯಿತು. ಕೆಂಗೇರಿಯಲ್ಲಿ ಕನ್ನಡದ ತಲೆಬರಹ ನೋಡಿ ಎಲ್ಲರೂ ಹೊಗಳಿದರು, ನೀವೂ. ನಿಮಗೆ ಹೇಳಲಿಲ್ಲ.

ನಾನು ಮಾಡಿದ ಸಡಿಲಿಕೆಯ ಗುಣ ಹೀಗಿತ್ತು: ಯಂತ್ರ ಓಡುತ್ತಿರುವ ತನಕ ಅದು ಉಳಿಯುತ್ತದೆ. ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ, ನೀವು ಬರೆದಿಟ್ಟ ಹಳೆಯ ಕಟ್ಟುಪಾಡೇ ತಾನಾಗಿ ಮರಳಿ ಬರುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ನಮ್ಮ ಸರ್ವರನ್ನು ಯಾರು ಆರಿಸುತ್ತಾರೆ? ಕರೆಂಟ್ ಹೋದರೂ ಯುಪಿಎಸ್ ಮೇಲೆ ಓಡುವ ಯಂತ್ರ ಅದು. ತಂದ ಮೇಲೆ ಅದು ನಿಂತದ್ದನ್ನೇ ನಾನು ನೋಡಿರಲಿಲ್ಲ.

ಆಯುಧಪೂಜೆ ನೆನಪಿಗೆ ಬರಲಿಲ್ಲ, ನೋಡಿ. ಬೆಂಗಳೂರಲ್ಲೇ ಹುಟ್ಟಿ ಬೆಳೆದವಳಿಗೆ.

ಆ ಸರ್ವರಿಗೆ ಅದು ಮೊದಲ ಆಯುಧಪೂಜೆ. ನೀವು ದಸರೆಗೆ ಗದಗಿಗೆ ಹೋಗಿದ್ದಿರಿ. ಲ್ಯಾಬಿನಲ್ಲಿ ಬಾಳೆಕಂದು, ಮಾವಿನ ತೋರಣ, ಕಡ್ಲೆಪುರಿ. ಸ್ಕೂಟರುಗಳ ಗಾಲಿಗೆ ನಿಂಬೆಹಣ್ಣು. ಸೂಕ್ಷ್ಮದರ್ಶಕಕ್ಕೂ ಒಂದು ಎಳೆ ಸೇವಂತಿಗೆ. ಡಾಕ್ಟರ್ ಸಾರ್ ಅವರ ತಾಯಿ ಪ್ರತಿ ವರ್ಷ ತಾವೇ ನಿಂತು ಪೂಜೆ ಮಾಡಿಸುತ್ತಿದ್ದರು. ಓಡುತ್ತಿರುವ ಯಂತ್ರಕ್ಕೆ ಅರಿಶಿನ ಕುಂಕುಮ ಇಡುವ ಹಾಗಿಲ್ಲ, ವರ್ಷವಿಡೀ ದುಡಿದದ್ದಕ್ಕೆ ಒಂದು ದಿನ ವಿಶ್ರಾಂತಿ ಬೇಕು, ನಾಳೆ ಬೆಳಿಗ್ಗೆಯೇ ಹಚ್ಚಿ ಎಂಬುದು ಅವರ ಶಾಸ್ತ್ರ. ಸರ್ವರನ್ನೂ ಆರಿಸಿದರು. ಆರಿಸಿದ ಕೈ ನನ್ನದೇ, ಹಬ್ಬದ ಗದ್ದಲದಲ್ಲಿ ಆಗಲೂ ಆ ಸಡಿಲಿಕೆ ನೆನಪಾಗಲಿಲ್ಲ. ಕಪ್ಪು ಪೆಟ್ಟಿಗೆಯ ಹಣೆಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಪುರಿ ತಿನ್ನುತ್ತಾ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಹಚ್ಚಿದೆವು. ಯಂತ್ರ ಎದ್ದಿತು, ರಿಪೋರ್ಟ್ ಒಂದೂ ಏಳಲಿಲ್ಲ. ನೋಡಿದ ಕ್ಷಣವೇ ನನಗೆ ಗೊತ್ತಾಯಿತು — ನಿಮ್ಮ ಕಟ್ಟುಪಾಡು ಮರಳಿದೆ, ನನ್ನ ಪ್ರೋಗ್ರಾಂ ಬರೆಯಬಾರದ ಜಾಗದಲ್ಲಿ ಬರೆಯಲು ಹೋಗಿ ನಿಂತಿದೆ. ಹೊರಗೆ ಬೆಂಚಿನ ತುಂಬ ಜನ. ಬಸುರಿ ಮಗಳನ್ನು ಆಸ್ಪತ್ರೆಗೆ ಸೇರಿಸಲು ಹೊರಟಿದ್ದ ಒಬ್ಬ ತಾಯಿ ರಿಪೋರ್ಟಿಗಾಗಿ ಎದ್ದು ಕೂತು ಮಾಡುತ್ತಿದ್ದರು. ಫೋನಿನ ಮೇಲೆ ಫೋನು. ಟೆಕ್ನಿಷಿಯನ್‌ಗಳು ಕೈಯಲ್ಲಿ ಬರೆದು ಕೊಡತೊಡಗಿದರು. ನಾನು ಏನು ಮಾಡಿದೆ ಗೊತ್ತೇ? ಕೂಡಲೇ ಸರಿಮಾಡಬಹುದಾಗಿದ್ದುದನ್ನು ಸರಿಮಾಡಲಿಲ್ಲ. ಅಷ್ಟು ಬೇಗ ಸಿಕ್ಕಿಬಿಟ್ಟರೆ ಮೊದಲೇ ಗೊತ್ತಿತ್ತೆಂದು ತಿಳಿದುಬಿಡುತ್ತದಲ್ಲ ಅಂತ, ಆ ತಾಯಿ ಹೊರಗೆ ಕಾಯುತ್ತಿರುವಾಗ, ಪರದೆಯ ಮುಂದೆ ಕೂತು ಹುಡುಕಿದ ಹಾಗೆ ನಟಿಸಿದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಆಮೇಲೆ ಅದೇ ಆಜ್ಞೆ ಕೊಟ್ಟೆ, ಅದೇ ಸಡಿಲಿಕೆ. ರಿಪೋರ್ಟುಗಳು ಹೊರಟವು. ಡಾಕ್ಟರ್ ಸಾರ್ ಬಾಗಿಲಲ್ಲಿ ನಿಂತಿದ್ದರು. ಏನಾಗಿತ್ತಮ್ಮಾ ಎಂದು ಕೇಳಿದರು.

"ಬೀಗ ಹಾಕಿದ್ದು ಗಿರಿಜಾ ಮೇಡಂ ಸಾರ್" ಅಂದೆ.

ಅಷ್ಟೇ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೀಗ ಹಾಕಿದ್ದು ನೀವೇ, ನಿಜ. ಅರ್ಧ ನಿಜ ಹೇಳಿ ಬಾಯಿ ಮುಚ್ಚಿಕೊಂಡೆ — ವಿಜಯನಗರದ ಬಾಯಿಬಡುಕಿ, ಬಾಯಿ ಬಿಡಬೇಕಾದ ಒಂದೇ ಒಂದು ಸಲ. ಡಾಕ್ಟರ್ ಸಾರ್ ಅಲ್ಲಿಂದಲೇ ನಿಮಗೆ ಫೋನ್ ಮಾಡಿದರು, ಕಾದು ಕೂತವರಿಗೆಲ್ಲ ಕೇಳಿಸುವ ಹಾಗೆ ಬೈದರು. ನೀವು ಕೇಳಿದ್ದು ಒಂದೇ ಪ್ರಶ್ನೆಯಂತೆ, ಪೇಷೆಂಟುಗಳಿಗೆ ತೊಂದರೆ ಆಯಿತೇ ಅಂತ.

ಹಬ್ಬ ಮುಗಿಸಿ ಬಂದವರು ನೀವು ಯಾರನ್ನೂ ಮಾತಾಡಿಸದೆ ನೇರವಾಗಿ ಸರ್ವರ್ ಕೋಣೆಗೆ ಹೋದಿರಿ. ಬಾಗಿಲು ಎಳೆದುಕೊಂಡು ತುಂಬಾ ಹೊತ್ತು ಕೂತಿದ್ದಿರಿ. ಹೊರಗೆ ಬಂದು ನಿಮ್ಮ ಚೀಲದಿಂದ ಒಂದು ಪೊಟ್ಟಣ ತೆಗೆದು ಎಲ್ಲರ ಕೈಗೂ ಬನ್ನಿ ಎಲೆ ಕೊಟ್ಟಿರಿ. ಕೊನೆಗೆ ನನ್ನ ಕೈಗೆ. ಎಲೆಗಳನ್ನಿಟ್ಟು, ನನ್ನ ಕೈಯನ್ನು ಕೊಂಚ ಹೊತ್ತು ಹಿಡಿದುಕೊಂಡಿರಿ.

"ಬಂಗಾರ ತಗೊಂಡು ಬಂಗಾರದಂಗ ಇರೂಣು ಸುಮಾ."

ಬನ್ನಿಯನ್ನು ಬಂಗಾರ ಅನ್ನುವುದು ನಿಮ್ಮ ಕಡೆಯ ಶಾಸ್ತ್ರ ಇರಬೇಕು ಎಂದುಕೊಂಡೆ. ಬದುಕಿದೆ, ಇವರಿಗೆ ಗೊತ್ತಾಗಿಲ್ಲ ಎಂದೂ ಅಂದುಕೊಂಡೆ. ಎಲೆಗಳನ್ನು ಮಾನಿಟರ್ ಮೇಲೆ ಇಟ್ಟಿದ್ದೆ. ಒಣಗಿದ ಮೇಲೆ ಕಸದ ಬುಟ್ಟಿಗೆ ಹಾಕಿದೆ.

ಅದೇ ದಿನ ಡಾಕ್ಟರ್ ಸಾರ್ ನಿಮ್ಮನ್ನು ಒಳಗೆ ಕರೆದು, ಇನ್ನು ಸರ್ವರಿನ ಜವಾಬ್ದಾರಿ ಸುಮಾಳದ್ದು ಎಂದರು. ನೀವು ಎದುರಾಡಲಿಲ್ಲ. ಹೊಸ ಪಾಸ್‌ವರ್ಡ್ ನಾನೇ ಹಾಕಿಕೊಳ್ಳುವಂತೆ ಕುರ್ಚಿ ಬಿಟ್ಟುಕೊಟ್ಟು, ನಾನು ಒತ್ತುವಾಗ ಮುಖ ಆಚೆ ತಿರುಗಿಸಿ ನಿಂತಿರಿ. ಕೆಲವು ವಾರಗಳ ಮೇಲೆ ಕೆಲಸ ಬಿಟ್ಟಿರಿ. ಒಂದು ಆಸ್ಪತ್ರೆಯವರು ನಿಮ್ಮನ್ನು ತೆಗೆದುಕೊಳ್ಳುವ ಮೊದಲು ಡಾಕ್ಟರ್ ಸಾರ್‌ಗೆ ಫೋನ್ ಮಾಡಿ ವಿಚಾರಿಸಿದರು. ನಾನು ರಿಪೋರ್ಟ್ ಹಿಡಿದು ಅಲ್ಲೇ ನಿಂತಿದ್ದೆ. ಒಳ್ಳೆಯ ಹೆಂಗಸು, ಆದರೆ ಬಿಗಿ ಜಾಸ್ತಿ, ಇದ್ದಕ್ಕಿದ್ದ ಹಾಗೆ ಕೆಲಸ ನಿಂತುಹೋಗುತ್ತದೆ ಎಂದರು. ಆ ಕೆಲಸ ನಿಮಗೆ ಸಿಗಲಿಲ್ಲ. ಆಗಲೂ ನಾನು ಬಾಯಿ ಬಿಡಲಿಲ್ಲ. ನೀವು ನಾಗರಬಾವಿಯ ಒಂದು ಟ್ರೈನಿಂಗ್ ಸೆಂಟರಿನಲ್ಲಿ ಪಾಠ ಹೇಳಲು ಸೇರಿದಿರಿ ಎಂದು ಆಮೇಲೆ ತಿಳಿಯಿತು.

ನೀವು ಹೋದ ಮೇಲೆ ಡಾಕ್ಟರ್ ಸಾರ್ ಹೇಳಿದ್ದ ಕೆಲಸಕ್ಕೆ ಕೂತೆ: ಆ ಬೀಗವನ್ನು ಕಾಯಮ್ಮಾಗಿ ತೆಗೆದುಬಿಡುವುದು. ನೋಡಿದರೆ — ಬೀಗ ಬಿಗಿಯಾಗಿಯೇ ಇದೆ. ನಾನು ಸಡಿಲಿಸಿದ್ದು ಯಾವಾಗಲೋ ಸರಿಯಾಗಿದೆ. ಆದರೂ ರಿಪೋರ್ಟುಗಳು ಸರಾಗವಾಗಿ ಹೋಗುತ್ತಿವೆ. ಹೇಗೆ? ನನ್ನ ಪ್ರೋಗ್ರಾಂ ತೆಗೆದು ನೋಡಿದೆ. ಬರೆಯುವ ಜಾಗದ ಆ ಒಂದು ಸಾಲು ಬದಲಾಗಿತ್ತು. ಕಚ್ಚಾ ಪ್ರತಿ ಈಗ ಸರ್ವೀಸಿಗೆ ಸೇರಿದ ಡೈರೆಕ್ಟರಿಯಲ್ಲೇ ಬೀಳುತ್ತಿತ್ತು. ಕಡತದ ತಾರೀಕು ನೋಡಿದರೆ, ಬದಲಾದದ್ದು ನೀವು ಗದಗಿನಿಂದ ಬಂದ ದಿನ. ನಾನು ಕೊಟ್ಟ ಆಜ್ಞೆಗಳ ಗುರುತು ಅಳಿಸುವಷ್ಟು ಜಾಣತನವೂ ನನಗಿರಲಿಲ್ಲ. ಯಂತ್ರದಲ್ಲಿ ಎಲ್ಲವೂ ಹಾಗೇ ಬಿದ್ದಿತ್ತು.

ಅಂದರೆ ಬಾಗಿಲು ಎಳೆದುಕೊಂಡು ಕೂತಾಗಲೇ ನೀವು ಎಲ್ಲ ನೋಡಿದ್ದಿರಿ. ನನ್ನ ತಪ್ಪನ್ನು ತಿದ್ದಿದಿರಿ, ಬೀಗವನ್ನು ಮತ್ತೆ ಹಾಕಿದಿರಿ, ಹೊರಗೆ ಬಂದು ನನ್ನ ಕೈ ಹಿಡಿದಿರಿ. ಆಮೇಲೆ ಡಾಕ್ಟರ್ ಸಾರ್ ಕೋಣೆಗೆ ಹೋಗಿ, ನನ್ನ ಹೆಸರೆತ್ತದೆ ಸರ್ವರಿನ ಜವಾಬ್ದಾರಿ ಕಳೆದುಕೊಂಡಿರಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಆ ಆಜ್ಞೆಗಳನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದೆ.

ಅಂದೇ ಓಡಿ ಬರಬೇಕಿತ್ತು. ನಾಗರಬಾವಿ ಏನು ದೂರವೇ? ಬರಲಿಲ್ಲ. ನಾಳೆ, ಯುಗಾದಿ ಆಗಲಿ, ಆಷಾಢ ಕಳೆಯಲಿ... ಈ ನಡುವೆ ನಿಮ್ಮ ಹೆಸರು ಲ್ಯಾಬಿನಲ್ಲಿ ಒಂದು ತಮಾಷೆಯಾಗಿ ಬೇರು ಬಿಟ್ಟಿತು. ಫ್ರಿಡ್ಜಿನ ಬಾಗಿಲು ತೆಗೆಯಲು ಬಾರದಿದ್ದರೆ "ಗಿರಿಜಾ ಬೀಗ". ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ "ಗಿರಿಜಾ ಬೀಗ". ನಿಮ್ಮ ಮುಖವನ್ನೇ ನೋಡದ ಮಹಾಲಕ್ಷ್ಮಿ ಲೇಔಟಿನ ಹೊಸ ಹುಡುಗಿಯರೂ ಅನ್ನುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಗದಿದ್ದರೆ ಅನುಮಾನ ಬಂದೀತಲ್ಲ.

ಬೀಗವನ್ನು ಮಾತ್ರ ನಾನು ತೆಗೆಯಲಿಲ್ಲ. ಅದೊಂದನ್ನಾದರೂ ಉಳಿಸಿಕೊಂಡೆ. ಡಾಕ್ಟರ್ ಸಾರ್ ಕೇಳಿದಾಗ ಸರಿಮಾಡಿದೆ ಸಾರ್ ಎಂದೆ. ಎರಡು ವರ್ಷದ ಮೇಲೆ ಪೇಷೆಂಟುಗಳು ಇಂಟರ್ನೆಟ್ಟಿನಲ್ಲೇ ರಿಪೋರ್ಟ್ ನೋಡುವ ಏರ್ಪಾಡಾಯಿತು. ಆ ಪುಟದ ಒಂದು ಸಂದಿಯಿಂದ ಯಾರೋ ಒಳನುಗ್ಗಿದರು. ಯಂತ್ರದ ಮೂಲ ಪ್ರೋಗ್ರಾಮುಗಳನ್ನೇ ಬದಲಿಸಲು ನೋಡಿದ್ದರು. ಆಗಲಿಲ್ಲ. ಆ ಸರ್ವೀಸಿಗೆ ಬಿಟ್ಟಿದ್ದ ಒಂದು ಡೈರೆಕ್ಟರಿಯಲ್ಲಿ ಒಂದಿಷ್ಟು ಕಸ ಎಸೆದು ಹೋಗಿದ್ದರು, ಅಷ್ಟೇ. ಪೇಷೆಂಟುಗಳ ಒಂದು ರಿಪೋರ್ಟೂ ಹಾಳಾಗಿರಲಿಲ್ಲ. ಪರಿಶೀಲಿಸಲು ಬಂದ ಹೊರಗಿನವರು, ಇದನ್ನು ಹೀಗೆ ಕಟ್ಟಿದ ಪುಣ್ಯಾತ್ಮರು ಯಾರು ಎಂದು ಕೇಳಿದರು. ಡಾಕ್ಟರ್ ಸಾರ್ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ನಾನು ತಲೆ ತಗ್ಗಿಸಿದೆ. ಹುಡುಗಿಗೆ ಸಂಕೋಚ ಎಂದುಕೊಂಡರು.

ಹೀಗೆ ನಿಮ್ಮ ಹೆಸರನ್ನು ಕೆಡಿಸಿದ್ದು ಸಾಲದೆಂದು ನಿಮ್ಮ ಪುಣ್ಯವನ್ನೂ ನನ್ನ ಮಡಿಲಿಗೆ ಹಾಕಿಕೊಂಡೆ.

ಮೊನ್ನೆ ಒಂದು ಮಾತು ಕೇಳಿದೆ. ರಕ್ತ ತೆಗೆಯುವ ಕೆಲಸಕ್ಕೆ ಶಿವಾನಂದ ಎಂಬವರು ಹೊಸದಾಗಿ ಸೇರಿದ್ದಾರೆ, ನಿಮ್ಮ ಗದಗಿನ ಕಡೆಯವರೇ. ದಸರೆಗೆ ಊರಿಗೆ ಹೋಗಲು ರಜೆ ಕೇಳುತ್ತಿದ್ದರು. ಬರುವಾಗ ಬನ್ನಿ ತರುತ್ತೀರಾ ಎಂದು ಸುಮ್ಮನೆ ಕೇಳಿದೆ. ಅಷ್ಟಕ್ಕೆ ಬಿಡದೆ, ದ್ವೇಷ ಇದ್ದವರಿಗೂ ಕೊಡುತ್ತೀರಾ ಎಂದೂ ಕೇಳಿದೆ — ಯಾಕೆ ಕೇಳಿದೆನೋ.

"ಅವರಿಗೇ ಮೊದಲ ಕೊಡಬೇಕ್ರೀ ಮೇಡಂ" ಎಂದರು. "ಮನಸಿನ್ಯಾಗ ಸಿಟ್ಟು ಇಟ್ಕೊಂಡು ಬನ್ನಿ ಕೊಡಂಗಿಲ್ಲ. ಕೊಟ್ಟ ಮ್ಯಾಲೆ ಹಳೇದೆಲ್ಲಾ ಮುಗೀತು."

ನಾನು ಸರ್ವರ್ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡು ಅತ್ತೆ. ನೀವು ನನ್ನನ್ನು ಅಂದೇ ಕ್ಷಮಿಸಿಬಿಟ್ಟಿದ್ದಿರಿ, ಕೈ ಹಿಡಿದು, ಹೆಸರು ಕರೆದು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದ್ದೆ.

ಮೇಡಂ, ನಿನ್ನೆ ಆಯುಧಪೂಜೆ. ಡಾಕ್ಟರ್ ಸಾರ್ ಅವರ ತಾಯಿ ಈಗ ಕುರ್ಚಿಯಲ್ಲಿ ಕೂತೇ ಪೂಜೆ ಮಾಡಿಸುತ್ತಾರೆ. ಸರ್ವರ್ ಆರಿಸುವ ಹೊತ್ತಿಗೆ ಯಾರೋ ಎಂದಿನಂತೆ, ನಾಳೆ ಗಿರಿಜಾ ಬೀಗ ಬೀಳದಿದ್ದರೆ ಸಾಕಪ್ಪ ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೆಂಗೇರಿಯ ತಲೆಬರಹದಿಂದ ಹಿಡಿದು ಹೊರಗಿನವರ ಹೊಗಳಿಕೆಯ ತನಕ, ಈಗ ನಿಮಗೆ ಬರೆದದ್ದೆಲ್ಲವನ್ನೂ ಅವರೆಲ್ಲರ ಮುಂದೆ ಹೇಳಿದೆ. ಕಾದು ಕೂತಿದ್ದ ಆ ತಾಯಿಯ ವಿಷಯವನ್ನೂ ಬಿಡಲಿಲ್ಲ. ಡಾಕ್ಟರ್ ಸಾರ್ ನನ್ನನ್ನು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಆ ಆಸ್ಪತ್ರೆಯವರಿಗೆ ನಾನೇ ಅಲ್ವೇನಮ್ಮಾ ಹೇಳಿದ್ದು" ಎಂದರು. ತಾವೂ ನಿಮ್ಮನ್ನು ನೋಡಲು ಬರುವುದಾಗಿ ಹೇಳಿದ್ದಾರೆ. ಮೊದಲು ನಾನೊಬ್ಬಳೇ ಹೋಗಿಬರುತ್ತೇನೆ ಎಂದೆ. ನನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಅದನ್ನು ಕೇಳುವ ಮುಖ ನನಗಿಲ್ಲ.

ಆದರೆ ಒಂದನ್ನು ನಿಮಗೆ ಹೇಳಲೇಬೇಕು. ಇವತ್ತು ಬೆಳಿಗ್ಗೆ ಸರ್ವರ್ ಹಚ್ಚಿದೆ. ಎಲ್ಲ ಸರ್ವೀಸುಗಳೂ ತಾವಾಗಿ ಎದ್ದವು, ಒಂದೊಂದೂ ತನ್ನ ಜಾಗದಲ್ಲಿ, ತನ್ನ ಮಿತಿಯಲ್ಲಿ. ಕುಂಕುಮ ಇನ್ನೂ ಹಣೆಯ ಮೇಲಿತ್ತು. ನಾನು ಮುಚ್ಚಿಟ್ಟು ಮಾಡಿದ ಯಾವ ಸಡಿಲಿಕೆಯೂ ಈಗ ಅದರಲ್ಲಿಲ್ಲ, ಹಾಗಾಗಿ ಆರಿಸಲು ಹೆದರಿಕೆಯೂ ಇಲ್ಲ. ಇದು ನಿಮ್ಮ ಪಾಠ. ನಾನು ತಿನ್ನುವ ಅನ್ನ ನಿಮ್ಮ ಪಾಠದ್ದು. ನನ್ನ ಕೈಕೆಳಗೆ ಬಂದವರು ಎಷ್ಟು ಸಲ ಕೇಳಿದರೂ ಮುಖ ಸಿಂಡರಿಸದಿರಲು ನೋಡುತ್ತೇನೆ. ಅದೂ ನಿಮ್ಮಿಂದ ಬಂದದ್ದೇ. ನನಗೆ ನೀವು ಮಾಡಿದ್ದನ್ನು ಯಾರೂ ಮಾಡಿಲ್ಲ, ಮೇಡಂ.

ವಿಜಯನಗರದ ಮಾರ್ಕೆಟ್ಟಿನಲ್ಲಿ ಬನ್ನಿ ಎಲೆ ಕೊಂಡಿದ್ದೇನೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟಿದ್ದೇನೆ. ಚಿಕ್ಕವರು ದೊಡ್ಡವರ ಕೈಗೆ ಕೊಟ್ಟು ಕಾಲಿಗೆ ಬೀಳಬೇಕು ಎಂದು ಶಿವಾನಂದ ಹೇಳಿಕೊಟ್ಟಿದ್ದಾರೆ. ಈ ಹಾಳೆಗಳನ್ನು ಆಮೇಲೆ ಕೊಡುತ್ತೇನೆ. ಮೊದಲು ಬಾಯಲ್ಲೇ ಹೇಳಬೇಕು. ಬಂಗಾರದ ಹಾಗೆ ಇರೋಣ ಎನ್ನುವ ಮಾತು ನಾನು ಆಡುವಂಥದ್ದಲ್ಲ, ಅದನ್ನು ಆಡುವುದು ಬಿಡುವುದು ನಿಮಗೆ ಸೇರಿದ್ದು. ಅಂದು ಡಾಕ್ಟರ್ ಸಾರ್ ಮುಂದೆ ಅರ್ಧಕ್ಕೆ ನಿಲ್ಲಿಸಿದ ವಾಕ್ಯವನ್ನು ನಿಮ್ಮ ಮುಂದೆ ಪೂರ್ತಿ ಮಾಡಲು ಬರುತ್ತಿದ್ದೇನೆ.

ಬೀಗ ಹಾಕಿದ್ದು ಗಿರಿಜಾ ಮೇಡಂ. ತೆಗೆದದ್ದು ನಾನು.